ಎರಡನೆಯ ಅಡ್ಡಣಿಗೆ

ಹೂಮಳೆ ಬಿದ್ದು ಕಾಫಿ ತೋಟಗಳೆಲ್ಲ ಬೆಳ್ಳಗಾಗಿದ್ದ ಕಾಲ, ಬಿಸಿಲು ನೆತ್ತಿಗೆ ಬಂದಿದ್ದ ಹೊತ್ತು. ಮೂಡಿಗೆರೆ ಪೇಟೆಯ ಅಕ್ಕಿ ವ್ಯಾಪಾರಿ ಷಡಕ್ಷರಿ ಊಟಕ್ಕೆಂದು ಅಂಗಡಿಯಿಂದ ಏರು ಹತ್ತಿ ಬಂದವನು ಮನೆಯ ಹೊಸ್ತಿಲಲ್ಲೇ ಕುಸಿದು ಕೂತ. ಮೈ ಅಷ್ಟು ಭಾರ. ಉಸಿರು ಕುಲುಮೆಯ ತಿದಿಯ ಹಾಗೆ ಏಳುತ್ತ ಬೀಳುತ್ತ ಇತ್ತು. ಹೆಂಡತಿ ಗಿರಿಜಾಂಬಾ ನೀರು ಕೊಟ್ಟಳು, ಗಾಳಿ ಬೀಸಿದಳು. ಮಾವ ಓಂಕಾರಪ್ಪನವರು ಹೀಗೇ ಮೈ ಬೆಳೆಸಿಕೊಂಡು, ಹೀಗೇ ಏದುಸಿರು ಬಿಡುತ್ತ, ಒಂದು ಮಧ್ಯಾಹ್ನ ಉಣ್ಣಲು ಕೂತಲ್ಲೇ ಹೋಗಿಬಿಟ್ಟಿದ್ದರು. ಕೈ ಇನ್ನೂ ತಟ್ಟೆಯಲ್ಲೇ ಇತ್ತು.

ವಸ್ತಾರೆಯಿಂದ ಪಂಡಿತ ಪರಮೇಶ್ವರಪ್ಪನವರನ್ನು ಕರೆಸಿದರು. ಅವರು ನಾಡಿ ಹಿಡಿದು ನೋಡಿ, "ಕಷಾಯ ಎಷ್ಟು ಬೇಕಾದ್ರೂ ಕೊಡ್ಬೌದು, ಅದ್ರಿಂದ ಏನೂ ಆಗಲ್ಲ. ಉಣ್ಣೋ ರೀತಿನೇ ಬದಲಾಗ್ಬೇಕು. ಒಂದು ತಿಂಗ್ಳ ವ್ರತ ಅಲ್ಲ ಮಾರಾಯ, ಇರೋವರ್ಗೂ," ಎಂದರು. ಉಪವಾಸ ಮಾತ್ರ ಬೇಡವೆಂದರು. ಇವತ್ತು ಉಪವಾಸ ಇದ್ದವನು ನಾಳೆ ಎರಡರಷ್ಟು ಉಣ್ಣುತ್ತಾನೆ. ಕಡುಬು ಎರಡು ಸಾಕು, ತುಪ್ಪ ಬೆರಳು ಅದ್ದುವಷ್ಟು. ಸೊಪ್ಪು, ಹುರುಳಿ ಸಾರು ಜಾಸ್ತಿ, ಅನ್ನ ಕಡಿಮೆ. ದೀಪ ಹಚ್ಚುವ ಮೊದಲೇ ಊಟ ಮುಗಿಯಬೇಕು. ಅಂಗಡಿಯಲ್ಲಿ ತೂಕ ಹಾಕುವಾಗಲೆಲ್ಲ ಒಂದು ಚೂರು ಬೆಲ್ಲ ಬಾಯಿಗೆ ಹೋಗುತ್ತಿತ್ತಲ್ಲ, ಅದು ನಿಲ್ಲಬೇಕು.

ಷಡಕ್ಷರಿ ಒಪ್ಪಿದ. ಒಪ್ಪದವರು ಅವನ ತಾಯಿ ಕಲ್ಲಮ್ಮ. ಬಡಿಸುವ ಸೌಟು ಇದ್ದದ್ದು ಅವರ ಕೈಯಲ್ಲಿ. ಲಿಂಗಕ್ಕೆ ತೋರಿಸಿದ ಅನ್ನ ಪ್ರಸಾದ. ಒಂದಗುಳೂ ಬಿಡುವ ಹಾಗಿಲ್ಲ. ಉಂಡ ಮೇಲೆ ತಟ್ಟೆಗೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿಯಬೇಕು. ಹೀಗಾಗಿ ತಾಯಿ ಬಡಿಸಿದಷ್ಟನ್ನೂ ಮಗ ಉಣ್ಣಲೇಬೇಕು. ಗಿರಿಜಾಂಬಾ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡಳು. ಕಡೆಗೆ ಕಲ್ಲಮ್ಮ ಒಂದು ದಾರಿ ಕಂಡುಕೊಂಡರು. ಅಟ್ಟದ ಮೇಲಿದ್ದ ಇನ್ನೊಂದು ಅಡ್ಡಣಿಗೆಯನ್ನು, ಎಂದರೆ ತಟ್ಟೆ ಇಡುವ ಮುಕ್ಕಾಲಿಯನ್ನು, ಇಳಿಸಿ ತಂದು ಮಗನ ಪಕ್ಕದಲ್ಲಿ ಹಾಕಿದರು. ಅದರ ಮುಂದೆ ಮಣೆ ಇಟ್ಟರು. ಮಗನಿಗೆ ಪಂಡಿತರು ಹೇಳಿದಷ್ಟೇ ಬಡಿಸಿ, ಅವನ ಪಾಲಿನ ಮಿಕ್ಕಿದ್ದನ್ನೆಲ್ಲ ಅಲ್ಲಿ ಬಡಿಸಿದರು.

ಜಂಗಮರಿಗೆಂದು ಹಾಗೆ ಎಡೆ ಹಾಕುವುದುಂಟು, ತೀರಿಕೊಂಡವರಿಗೂ ಇಡುವುದುಂಟು. ಆದರೆ ಯಾರ ಹೆಸರಿಗೆ ಎಂದು ನೆನೆದೇ ಇಡಬೇಕು. ಗಿರಿಜಾಂಬಾ ಅದನ್ನು ಕೇಳಿದಾಗ ಕಲ್ಲಮ್ಮ, "ಹೆಸ್ರು ಯಾಕೆ? ಯಾರ ಋಣವೋ ಅವ್ರು ಉಣ್ತಾರೆ," ಎಂದುಬಿಟ್ಟರು. ತಪ್ಪಾದದ್ದು ಅಲ್ಲಿ.

ಮೊದಮೊದಲು ಬಡಿಸಿದ್ದು ಬಡಿಸಿದ ಹಾಗೇ ಇರುತ್ತಿತ್ತು. ಆಮೇಲೆ ಅದು ದನದ ಬಾನಿಗೆ ಹೋಗುತ್ತಿತ್ತು. ಒಂದು ಮಧ್ಯಾಹ್ನ ಷಡಕ್ಷರಿ ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದ, ಹೆಂಗಸರಿಬ್ಬರೂ ಪಾತ್ರೆ ಎತ್ತಿಡುತ್ತ ಒಳಗಿದ್ದರು. ಬಂದು ನೋಡಿದರೆ ಆ ತಟ್ಟೆ ಖಾಲಿ. ಬರೀ ಖಾಲಿಯಲ್ಲ, ತೊಳೆದಿತ್ತು. ಅಂಚು ಒದ್ದೆಯಿತ್ತು, ಪಕ್ಕದ ಚೊಂಬಿನಲ್ಲಿ ನೀರು ಇಳಿದಿತ್ತು. ಬೆಕ್ಕಿರಬೇಕು ಎಂದಳು ಗಿರಿಜಾಂಬಾ.

"ಬೆಕ್ಕು ತಟ್ಟೆ ತೊಳ್ಕೊಂಡು ಕುಡೀತದೇನೆ?" ಎಂದರು ಕಲ್ಲಮ್ಮ. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ. ಮಾರನೇ ದಿನ ಅಲ್ಲಿಗೆ ಒಂದು ಹೋಳಿಗೆ ಹೆಚ್ಚಿಗೆ ಬಿತ್ತು.

ಮಳೆಗಾಲ ಕಳೆಯುವಷ್ಟರಲ್ಲಿ ಷಡಕ್ಷರಿ ಇಳಿದಿದ್ದ. ಉಂಗುರ ಬೆರಳಿನಿಂದ ಜಾರುತ್ತಿತ್ತು. ಬೆಲ್ಲದ ಕಡೆ ಹೋದ ಕೈ ತಾನಾಗಿ ಹಿಂದಕ್ಕೆ ಬರುತ್ತಿತ್ತು. ಮನೆಯ ಏರನ್ನು ಮಾತಾಡುತ್ತಲೇ ಹತ್ತುತ್ತಿದ್ದ. ಪೇಟೆಯಲ್ಲಿ ಯಾರೋ, "ಮಿಕ್ಕಿದ ಅರ್ಧ ಆಳನ್ನ ಎಲ್ಲಿ ಬಿಟ್ಟು ಬಂದೆ ಮಾರಾಯ?" ಎಂದು ಕೇಳಿದರಂತೆ. ಅದನ್ನು ಮನೆಗೆ ಬಂದು ಹೇಳಿಕೊಂಡು ನಕ್ಕ. ಗಿರಿಜಾಂಬಾ ನಗಲಿಲ್ಲ. ಪಕ್ಕದ ಮಣೆ ನಡುವೆ ತಗ್ಗಿ ಸೀಳು ಬಿಟ್ಟಿದ್ದನ್ನು ಅವಳು ಅಂದು ಬೆಳಗ್ಗೆಯಷ್ಟೇ ನೋಡಿದ್ದಳು. ಊಟದ ಹೊತ್ತಿಗೆ ಆ ಕಡೆಯಿಂದ ಏದುಸಿರು ಕೇಳುತ್ತಿತ್ತು. ಹೊಸ್ತಿಲಲ್ಲಿ ಕೇಳಿದ್ದ ಅದೇ ಉಸಿರು.

ಕಲ್ಲಮ್ಮ ಈಗ ಆ ಅಡ್ಡಣಿಗೆಯ ಮುಂದೆಯೇ ಕೂತು ಬಡಿಸುತ್ತಿದ್ದರು. "ಇನ್ನೆರಡು ಹಾಕ್ಲಾ ಮಗಾ?" ಎಂದು ಕೇಳುವರು, ಕೇಳಿ, ಸ್ವಲ್ಪ ಕಾದು, ಹಾಕುವರು. ಹಾಗೆ ಕಾಯುವಾಗ ಗಿರಿಜಾಂಬಾ ಆ ಕಡೆ ನೋಡುತ್ತಿರಲಿಲ್ಲ. ಒಂದು ದಿನ ಅತ್ತೆ ಅವಳನ್ನು ಒಲೆಯ ಹತ್ತಿರ ಕರೆದು ಮೆಲ್ಲಗೆ ಕೇಳಿದರು.

"ಗಿರಿಜಾ, ಆ ಬಡಕಲು ಮನುಷ್ಯ ಯಾರೆ? ದಿನಾ ಊಟದ ಹೊತ್ಗೆ ಬಂದು ಕೂತ್ಕೊತಾರೆ. ಉಣ್ಣೋದು ನೋಡಿದ್ರೆ ಕಾಯ್ಲೆಯವ್ರು, ಪಾಪ."

ಬಾಗಿಲಲ್ಲಿ ನಿಂತಿದ್ದ ಷಡಕ್ಷರಿಗೆ ಅದು ಕೇಳಿಸಿತು.

ಮಾರನೆಯ ಮಧ್ಯಾಹ್ನ ಅವನು ತನ್ನ ಜಾಗಕ್ಕೆ ಹೋಗಲಿಲ್ಲ. ತುಪ್ಪ ಸುರಿದ ಕಡುಬಿನ ರಾಶಿಯ ಮುಂದೆ, ಆ ಮಣೆಯ ಹತ್ತಿರ ಹೋಗಿ ನಿಂತ. "ಒಂದೇ ಒಂದು ದಿನ ಇಲ್ಲಿ ಕೂತು ಉಂಡ್‌ಬಿಡ್ತೀನಿ. ಅವ್ವ ನನ್ನ ಗುರ್ತು ಹಿಡೀಲಿ," ಎಂದ. ಧ್ವನಿ ಚಿಕ್ಕ ಮಗುವಿನದಾಗಿತ್ತು. ಅವನು ಬಗ್ಗಿದ ಕೂಡಲೇ ಪಕ್ಕದ ಏದುಸಿರು ನಿಂತಿತು. ಜಾಗ ಬಿಟ್ಟುಕೊಟ್ಟ ಹಾಗೆ ಮಣೆ ಕಿರ್ ಎಂದಿತು.

ಗಿರಿಜಾಂಬಾ ಗಂಡನ ತೋಳು ಹಿಡಿದಳು. ಅತ್ತೆಯ ಎದುರಿಗೆ ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು.

"ಅಲ್ಲಿ ಕೂತ್ರೆ ಅವ್ರಿಗೆ ಮಗ ಸಿಗ್ತಾನೆ. ನಂಗೆ ನೀವು ಸಿಗಲ್ಲ," ಎಂದಳು.

ಅವನು ಬಹಳ ಹೊತ್ತು ಹಾಗೇ ಬಗ್ಗಿ ನಿಂತಿದ್ದ. ಆಮೇಲೆ ನೆಟ್ಟಗಾಗಿ ತನ್ನ ಅಡ್ಡಣಿಗೆಗೆ ಬಂದು ಕೂತು, ಎರಡು ಕಡುಬು ಉಂಡು, ತಟ್ಟೆ ತೊಳೆದು ನೀರು ಕುಡಿದ. ಕಣ್ಣೀರು ಅದೇ ತಟ್ಟೆಗೆ ಬೀಳುತ್ತಿತ್ತು. ಕಲ್ಲಮ್ಮ ಪರವೂರಿನವರಿಗೆ ಹೇಳುವ ಹಾಗೆ, "ನಿಧಾನಕ್ಕೆ ಉಣ್ಣಿ, ನಾಚ್ಕೋಬೇಡಿ," ಎಂದರು.

ಅಂದಿನಿಂದ ಗಿರಿಜಾಂಬಾ ಮೂವರಿಗೆ ಆಗುವಷ್ಟೇ ಅಕ್ಕಿ ಅಳೆದಳು. ಎರಡನೆಯ ತಟ್ಟೆಗೆ ಹಾಕಲು ಏನೂ ಉಳಿಯಲಿಲ್ಲ. ಏದುಸಿರು ಮೊದಲು ಮುಲುಕಾಯಿತು, ಆಮೇಲೆ ಮಟಮಟ ಮಧ್ಯಾಹ್ನದಲ್ಲಿ ಮನೆಯೆಲ್ಲ ಸುತ್ತಿತು. ಕಣಜದ ಮುಚ್ಚಳ ಅಲುಗಿತು. ಷಡಕ್ಷರಿ ಕಿವಿ ಮುಚ್ಚಿಕೊಂಡು ಅಂಗಡಿಗೆ ಹೋಗುತ್ತಿದ್ದ. ಗಿರಿಜಾಂಬಾ ಅಳತೆ ಹೆಚ್ಚಿಸಲಿಲ್ಲ. ಈ ಮನೆಯಲ್ಲಿ ನನ್ನ ಮಗನಿಗೆ ಹೊಟ್ಟೆ ತುಂಬ ಅನ್ನವಿಲ್ಲ ಎಂದು ಕಲ್ಲಮ್ಮ ಬಾಬಾಬುಡನ್‌ಗಿರಿಯ ಬುಡದ ತಮ್ಮ ತವರಿಗೆ ಹೊರಟು ನಿಂತರು. ಮಗನೇ ಕಾಲಿಗೆ ಬಿದ್ದು ಬೇಡಿಕೊಂಡರೂ ಕೇಳಲಿಲ್ಲ. ದಾರಿಹೋಕನಿಗೆ ಹರಸುವ ಹಾಗೆ ಅವನ ತಲೆ ಮುಟ್ಟಿದರು.

ಬಾಡಿಗೆ ಗಾಡಿ ಹೊಡೆಯುವ ಲಕ್ಕಯ್ಯ ಎತ್ತು ಕಟ್ಟಿಕೊಂಡು ಬಂದ. ಕಲ್ಲಮ್ಮ ಹತ್ತಿ ಒಂದು ಬದಿಗೆ ಸರಿದು ಕೂತರು. ಆಮೇಲೆ ಬಗ್ಗಿ ಕೆಳಗೆ ಕೈ ಚಾಚಿ ಯಾರನ್ನೋ ಎಳೆದುಕೊಂಡರು. ಗಾಡಿ ಖಾಲಿಯಿದ್ದ ಬದಿಗೆ ವಾಲಿತು. ಎತ್ತುಗಳು ನೊಗಕ್ಕೆ ಕತ್ತು ಕೊಟ್ಟು ಜಗ್ಗಿದವು. ಲಕ್ಕಯ್ಯ ಚಕ್ರ ನೋಡಿದ, ಕೀಲು ನೋಡಿದ. ಗಾಡಿಯ ಮೇಲೆ ಕೂರದೆ ಎತ್ತುಗಳ ಮುಂದೆ ನಡೆದುಕೊಂಡೇ ಹೋದ.

ಕಲ್ಲಮ್ಮ ಮನೆ ಬಿಟ್ಟದ್ದು ಕಾರ್ತಿಕದ ಎರಡನೆಯ ಸೋಮವಾರ. ಒಬ್ಬರೇ ಹೋದರು ಎಂದು ಗಿರಿಜಾಂಬಾ ಯಾರ ಹತ್ತಿರವೂ ಹೇಳಲಿಲ್ಲ.