ಕೇಬಲ್ ಕಾರಿನಲ್ಲಿ ಹೋದ ಮದುವೆ ಕೇಕು

ವಿಮಾನದಿಂದ ಇಳಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಎರ್ಲಾನ್ ಮೊಯೆಗೆ ಯಾರೋ ಎದೆಯ ಮೇಲೆ ಬಂದು ಕೂತ ಹಾಗಾಯಿತು. ಅವನ ಊರು ಟ್ರಿನಿದಾದ್ ಇರುವುದು ಬೊಲಿವಿಯಾದ ಕೆಳಗಿನ ಬಯಲಲ್ಲಿ, ಹೊಳೆ, ಜೌಗು, ಸೆಕೆಗಳ ಸೀಮೆಯಲ್ಲಿ. ಅಲ್ಲಿ ನೀರಿನ ಟ್ಯಾಂಕಿಗಿಂತ ಎತ್ತರವಾದದ್ದು ಇನ್ನೊಂದಿಲ್ಲ. ಈಗ ಒಂದೇ ನೆಗೆತಕ್ಕೆ ಅವನನ್ನು ತಂದು ಲಾ ಪಾಸ್ ನಗರದ ನೆತ್ತಿಯ ಮೇಲೆ ಇಳಿಸಿಬಿಟ್ಟಿದ್ದರು. ಗಾಳಿ ಇತ್ತು, ಆದರೆ ಎಷ್ಟು ಎಳೆದುಕೊಂಡರೂ ಒಳಗೆ ಏನೂ ಬಂದ ಹಾಗಾಗುತ್ತಿರಲಿಲ್ಲ.

"ಏನೋ ಮೊಸಳೆ, ನೀರಿಂದ ಆಚೆ ತೆಗೆದ್ರೆ ಹೀಗಾ ಆಗೋದು?" ಎನ್ನುತ್ತಾ ಸಿಪ್ರಿಯಾನೊ ಚೋಕೆ ಎದುರು ಬಂದು ಅಪ್ಪಿಕೊಂಡ.

"ಸ್ವಲ್ಪ ಇರೋ, ಆಲೂಗಡ್ಡೆ. ಉಸಿರು ಬಂದ್ಮೇಲೆ ಬೈತೀನಿ," ಎಂದ ಎರ್ಲಾನ್.

ಈ ಹೆಸರುಗಳು ಹಳೆಯವು. ಹದಿನೆಂಟರ ವಯಸ್ಸಿನಲ್ಲಿ ಇಬ್ಬರೂ ಸೈನ್ಯದ ಕಡ್ಡಾಯ ವರ್ಷವನ್ನು ಕಾಡಿನಂಚಿನ ಒಂದೇ ಬ್ಯಾರಕ್ಕಿನಲ್ಲಿ ಕಳೆದಿದ್ದರು. ಬೆಟ್ಟದ ಹುಡುಗ ಸಿಪ್ರಿಯಾನೊ ಅಲ್ಲಿನ ಸೆಕೆಗೆ ಬೆಂದು, ಸೊಳ್ಳೆ ಕಚ್ಚಿ ಮೈಯೆಲ್ಲ ಗಂಟುಗಂಟಾಗಿ, ಥೇಟ್ ಆಲೂಗಡ್ಡೆಯ ಹಾಗೆ ಕಾಣುತ್ತಿದ್ದ. ಆಗ ರಾತ್ರಿಯೆಲ್ಲ ಅವನಿಗೆ ಗಾಳಿ ಬೀಸಿದವನು ಎರ್ಲಾನ್. ಆಮೇಲೆ ಎರ್ಲಾನ್ ಮೋಟಾರ್‌ಸೈಕಲ್ ರಿಪೇರಿಗೆ ಕೂತ, ಸಿಪ್ರಿಯಾನೊ ಬಸ್ಸು ಓಡಿಸಿದ. ಫೋನಿನಲ್ಲಿ ಮಾತು ಬಿಟ್ಟಿರಲಿಲ್ಲ. "ಒಂದ್ಸಲ ಬಾರೋ, ಊರೆಲ್ಲ ತೋರಿಸ್ತೀನಿ" ಎಂದು ಸಿಪ್ರಿಯಾನೊ ಕರೆಯುತ್ತಲೇ ಇದ್ದ. ಐವತ್ತು ದಾಟಿದ ಮೇಲೆ ಒಂದು ಶುಕ್ರವಾರ ಎರ್ಲಾನ್ ಅಂಗಡಿಗೆ ಬೀಗ ಹಾಕಿ ಬಂದೇಬಿಟ್ಟಿದ್ದ.

ಆ ಸಂಜೆ ಸಿಪ್ರಿಯಾನೊನ ಹೆಂಡತಿ ಕಸಿಲ್ದಾ ಅವನಿಗೆ ಎತ್ತರದ ಸುಸ್ತಿಗೆ ಮದ್ದೆಂದು ಕೋಕಾ ಎಲೆಯ ಕಷಾಯ ಕುಡಿಸಿ, ಸೂಪು ಕುಡಿಸಿ, ಮೂರು ಕಂಬಳಿ ಹೊದಿಸಿ ಮಲಗಿಸಿದಳು. ಅವಳು ಮದುವೆ ಕೇಕು ಮಾಡುವುದರಲ್ಲಿ ಎತ್ತಿದ ಕೈ. ಮಲಗಿದಲ್ಲಿಂದಲೇ ಎರ್ಲಾನ್‌ಗೆ ಊಟದ ಮೇಜಿನ ಮೇಲಿದ್ದ, ಮರುದಿನದ ಮದುವೆಯೊಂದರ ಕೇಕು ಕಾಣುತ್ತಿತ್ತು. ಒಂದರ ಮೇಲೊಂದು ನಿಲ್ಲಬೇಕಾದ ಮೂರು ಅಂತಸ್ತು, ಬಿಳಿ ಕೆನೆ, ಮೇಲೆ ನೀಲಿ ಸಕ್ಕರೆ ಹೂವು.

"ಮುಟ್ಟೀಯ, ಮೈದುನಾ," ಎಂದಳು ಕಸಿಲ್ದಾ.

"ಕೈ ಎತ್ತೋಕೇ ತ್ರಾಣ ಇಲ್ಲ, ಅತ್ತಿಗೆ."

ಶನಿವಾರ ಬೆಳಿಗ್ಗೆ ಹೊತ್ತಿಗೆ ಅವನಿಗೆ ಸುಮಾರಾಗಿ ಉಸಿರು ಬಂದಿತ್ತು. ಕಸಿಲ್ದಾ ಮೇಜು ಸಿಂಗರಿಸಲು ಮದುವೆ ಮಂಟಪಕ್ಕೆ ಮೊದಲೇ ಹೋಗಿದ್ದಳು. ಮಂಟಪ ಇದ್ದದ್ದು ಮೇಲೆ, ಬೆಟ್ಟದಂಚಿನ ಎಲ್ ಆಲ್ಟೊದಲ್ಲಿ. ಕೇಕು ಒಯ್ಯಲು ವ್ಯಾನು ಬರುವುದಿತ್ತು. ಅದನ್ನು ಕಳಿಸಿ ಗೆಳೆಯರಿಬ್ಬರೂ ಊರು ನೋಡಲು ಹೊರಡುವುದೆಂದು ಮಾತಾಗಿತ್ತು. ಎರ್ಲಾನ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಯಾರಾಗಿದ್ದ. ಆಗ ಕಸಿಲ್ದಾಳ ಫೋನು ಬಂತು. ಅವಳ ದನಿ ಕೋಣೆಯ ಆ ಮೂಲೆಗೂ ಕೇಳಿಸಿತು.

"ಮಿನಿಬಸ್ಸಿನವರು ರಸ್ತೆ ತಡೆದು ಕೂತಿದಾರೆ! ವ್ಯಾನು ಬರಲ್ಲ! ಕೇಬಲ್ ಕಾರಲ್ಲಿ ತಗೊಂಡು ಬನ್ನಿ, ಮಧ್ಯಾಹ್ನದೊಳಗೆ! ಒಂದು ಹೂವು ಉದುರಿದ್ರೂ ಇಬ್ಬರನ್ನೂ ಮನೆಗೆ ಸೇರಿಸಲ್ಲ!"

ಸಿಪ್ರಿಯಾನೊ ಫೋನು ಇಟ್ಟು ಗೆಳೆಯನ ಮುಖ ನೋಡಿದ. "ಊರು ನೋಡಬೇಕು ಅಂದ್ಯಲ್ಲ. ಕೇಬಲ್ ಕಾರಿಂದ ಎಲ್ಲ ಕಾಣುತ್ತೆ ಕಣೋ."

ದೊಡ್ಡ ಡಬ್ಬವನ್ನು ಸಿಪ್ರಿಯಾನೊ ಹೊತ್ತ. ಮಧ್ಯದ್ದನ್ನೂ ಅದರ ಮೇಲೆ ಕಟ್ಟಿದ ಪುಟ್ಟದ್ದನ್ನೂ ಎರ್ಲಾನ್ ಎತ್ತಿಕೊಂಡ. ಆ ಊರಲ್ಲಿ ಕೇಬಲ್ ಕಾರಿನ ಒಂದೊಂದು ಮಾರ್ಗಕ್ಕೂ ಒಂದೊಂದು ಬಣ್ಣದ ಹೆಸರು. ಮೊದಲು ಕಿತ್ತಳೆ ಲೈನು. ಕ್ಯಾಬಿನ್ನು ಸ್ಟೇಷನ್ನಿನಿಂದ ಜಾರಿ ಗಾಳಿಗೆ ಬಿದ್ದದ್ದೇ ತಡ, ಎರ್ಲಾನ್ ಕಣ್ಣು ಮುಚ್ಚಿಬಿಟ್ಟ. ಮಾವಿನ ಮರಕ್ಕಿಂತ ಮೇಲೆ ಅವನು ಯಾವತ್ತೂ ಹತ್ತಿದವನಲ್ಲ. ವಿಮಾನಕ್ಕಾದರೆ ನೆಲವಿತ್ತು. ಇಲ್ಲಿ ಕಾಲ ಕೆಳಗೆ ಯಾರದೋ ಮನೆಯ ತಾರಸಿ, ತಾರಸಿಯಲ್ಲಿ ಒಣಗಿದ ಬಟ್ಟೆ, ಬಟ್ಟೆಯ ನಡುವೆ ಇವರನ್ನೇ ನೋಡಿ ಬೊಗಳುವ ನಾಯಿ. ಏನಾದರೂ ಹಿಡಿದುಕೊಳ್ಳೋಣವೆಂದರೆ ಎರಡು ಕೈಯಲ್ಲೂ ಕೇಕು.

"ಅಗೋ ನೋಡು, ಸ್ಟೇಡಿಯಮ್ಮು," ಎಂದ ಸಿಪ್ರಿಯಾನೊ.

"ನೋಡಿದೆ."

"ಕಣ್ಣು ಮುಚ್ಚಿದೆ ನಿಂದು."

"ಒಳಗಿಂದ ನೋಡ್ತಿದೀನಿ, ಸುಮ್ನಿರೋ."

ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದು ಕೆಂಪು ಲೈನು ಹಿಡಿಯಬೇಕು. ನಡುವೆ ಒಂದಿಷ್ಟು ಮೆಟ್ಟಿಲು. ಊರವರಿಗೆ ಅದು ಲೆಕ್ಕಕ್ಕಿಲ್ಲ. ಎರ್ಲಾನ್ ಮಾತ್ರ ಮೇಲೆ ಬರುವಷ್ಟರಲ್ಲಿ ಬಾಯಿ ಬಿಟ್ಟ ಮೀನಾಗಿದ್ದ. ಈ ಕ್ಯಾಬಿನ್ನುಗಳು ಯಾವ ಸ್ಟೇಷನ್ನಿನಲ್ಲೂ ನಿಲ್ಲುವುದಿಲ್ಲ, ನಿಧಾನವಾಗಿ ತೆವಳುತ್ತವೆ, ಹಾಗೇ ಹತ್ತಿಕೊಳ್ಳಬೇಕು. ಸಿಪ್ರಿಯಾನೊ ಅಭ್ಯಾಸಬಲದಿಂದ ಹತ್ತಿ ಕೂತ. ಎರ್ಲಾನ್ ಕಾಲೆತ್ತಲು ಹೋದ, ಕಾಲು ಏಳಲಿಲ್ಲ. ಬಾಗಿಲು ಮುಚ್ಚಿತು. ಗಾಜಿಗೆ ಮೂಗು ಒತ್ತಿಕೊಂಡು ಏನೋ ಕೂಗುತ್ತಾ ಸಿಪ್ರಿಯಾನೊ ಆಕಾಶಕ್ಕೆ ಏರಿಹೋದ.

"ಕೊನೇ ಸ್ಟೇಷನ್ನು ಅಂದಿದ್ದ," ಎಂದು ಎರ್ಲಾನ್ ತನಗೆ ತಾನೇ ಹೇಳಿಕೊಂಡ. ಫೋನು ಮನೆಯಲ್ಲಿ ಚಾರ್ಜಿಗಿತ್ತು. ಬೆಂಚಿನ ಮೇಲೆ ಕೂತು, ಕೇಕನ್ನು ತೊಡೆಯ ಮೇಲಿಟ್ಟುಕೊಂಡು, ಉಸಿರು ಸರಿಹೋದ ಮೇಲೆ ಎದ್ದು ಧೈರ್ಯವಾಗಿ ಒಂದು ಕ್ಯಾಬಿನ್ನು ಹತ್ತಿದ. ಒಳಗೆ ಅವನೊಬ್ಬನೇ. ಒಬ್ಬನೇ ಇರುವಾಗ ಕಣ್ಣು ಮುಚ್ಚಿ ಕೂರುವುದೂ ಭಯವೇ. ತೆರೆದ.

ತೆರೆದವನು ಮತ್ತೆ ಮುಚ್ಚಲಿಲ್ಲ. ಬೋಗುಣಿಯ ಗೋಡೆಗೆ ಅಂಟಿಸಿದ ಹಾಗೆ ಸಾವಿರಾರು ಇಟ್ಟಿಗೆ ಮನೆಗಳು, ಅವುಗಳಾಚೆ ಹಿಮ ಹೊದ್ದ ಇಲ್ಲಿಮಾನಿ ಬೆಟ್ಟ. ಹಿಮವೆಂದರೆ ಅವನಿಗೆ ಗೊತ್ತಿದ್ದದ್ದು ಫ್ರಿಜ್ಜಿನೊಳಗೆ ಕಟ್ಟುವ ಬಿಳಿಪುಡಿ ಮಾತ್ರ. ಇಷ್ಟೊಂದು ಹಿಮವನ್ನು ಯಾರೋ ಬಿಸಿಲಲ್ಲೇ ಬಿಟ್ಟು ಹೋಗಿದ್ದಾರಲ್ಲ, ಕರಗುವುದಿಲ್ಲವೇ ಎನಿಸಿ ಅವನಿಗೆ ನಗು ಬಂತು.

ಅಷ್ಟರಲ್ಲಿ ಎದುರಿನಿಂದ ಕೆಳಗಿಳಿಯುವ ಕ್ಯಾಬಿನ್ನೊಂದು ಹತ್ತಿರ ಬಂತು. ಅದರಲ್ಲಿ ಸಿಪ್ರಿಯಾನೊ! ಇವನನ್ನು ನೋಡಿ ಅವನು ಎದ್ದು ನಿಂತು ಎರಡೂ ಕೈಯನ್ನು ತಲೆಯ ಮೇಲೆತ್ತಿ ಮೇಲಕ್ಕೆ ತೋರಿಸಿದ, ಆಮೇಲೆ ಎದೆ ಬಡಿದುಕೊಂಡ, ಆಮೇಲೆ ಕೈ ಮುಗಿದ. ಕ್ಯಾಬಿನ್ನುಗಳು ದಾಟಿಹೋದವು. ಎರ್ಲಾನ್‌ಗೆ ಒಂದು ಅಕ್ಷರವೂ ಅರ್ಥವಾಗಲಿಲ್ಲ. ಒಂದು ಮಾತ್ರ ಸ್ಪಷ್ಟವಾಗಿ ಕಂಡಿತು: ಅವನ ಕೈಯಲ್ಲಿ ಡಬ್ಬವಿರಲಿಲ್ಲ.

ಕೊನೆಯ ಸ್ಟೇಷನ್ನಿನಲ್ಲಿ ಇಳಿದಾಗ ಒಂದು ಗುಂಪು ಕಂಡಿತು. ನಡುವೆ ಗುಂಡಗಿನ ಬೌಲರ್ ಟೋಪಿ, ದಪ್ಪ ನೆರಿಗೆಯ ಲಂಗ ತೊಟ್ಟ ಹೆಂಗಸೊಬ್ಬಳು ದೊಡ್ಡ ಡಬ್ಬವನ್ನು ಎದೆಗವಚಿಕೊಂಡು ನಿಂತಿದ್ದಳು. ಕಾವಲುಗಾರ ಅದನ್ನು ಕೇಳುತ್ತಿದ್ದ.

"ನಿಂಗ್ಯಾಕಪ್ಪ ಕೊಡ್ಲಿ? ಸಂಜೆಯೊಳಗೆ ನೀವೆಲ್ಲ ಹಂಚಿಕೊಂಡು ತಿಂತೀರ. ಆ ಬುದ್ಧಿಗೇಡಿ ನನ್ನ ಕೈಗೆ ಕೊಟ್ಟ, ನಾನೇ ಕಾಯ್ತೀನಿ."

"ಅಮ್ಮಾ, ಅದು ನಮ್ದು!" ಎಂದು ಎರ್ಲಾನ್ ಓಡಲು ಹೋಗಿ, ಎರಡೇ ಹೆಜ್ಜೆಗೆ ಏದುಸಿರು ಬಿಡುತ್ತಾ ನಿಂತ.

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿಮ್ದಾ? ಮಾತು ಕೇಳಿದ್ರೇ ಗೊತ್ತಾಗುತ್ತೆ, ನೀನು ಕೆಳಗಿನ ಸೀಮೆಯೋನು. ಇಲ್ಲಿ ನಿಂಗ್ಯಾವ ಮದುವೆ? ಹುಡುಗಿ ಹೆಸರೇನು ಹೇಳು."

"ಗೊತ್ತಿಲ್ಲ."

"ಹುಡುಗಂದು?"

"ಗೊತ್ತಿಲ್ಲಮ್ಮ. ನಾನು ಬಂದಿದ್ದು ಊರು ನೋಡೋಕೆ."

ಗುಂಪು ಗೊಳ್ಳೆಂದು ನಕ್ಕಿತು. ಎರ್ಲಾನ್ ಬೇರೆ ದಾರಿ ಕಾಣದೆ ಪುಟ್ಟ ಡಬ್ಬ ಬಿಚ್ಚಿಟ್ಟು ಮಧ್ಯದ ಡಬ್ಬದ ಮುಚ್ಚಳ ಎತ್ತಿದ. ಅವಳೂ ಎತ್ತಿದಳು. ಅದೇ ಕೆನೆ, ಅದೇ ನೀಲಿ ಹೂವು.

"ಹೌದಲ್ಲ, ಇವೆರಡೂ ಒಂದೇ ತಾಯಿ ಮಕ್ಕಳು," ಎಂದು ಅವಳು ಒಪ್ಪಿಕೊಂಡಳು. ಆದರೆ ಅವನ ತುಟಿ ನೀಲಿಯಾಗಿದ್ದು ಕಂಡು ಗಾಬರಿಯಾಗಿ, "ಕೂತ್ಕೋ ಮೊದ್ಲು!" ಎಂದು ಗದರಿದಳು. ಕೂರಿಸಿ, ಹೆಗಲ ಶಾಲು ತೆಗೆದು ಹೊದಿಸಿ, ಸೊಂಟದ ಚೀಲದಿಂದ ನಾಲ್ಕು ಕೋಕಾ ಎಲೆ ತೆಗೆದು ಬಾಯಿಗೆ ತುರುಕಿದಳು. ಅವಳ ಹೆಸರು ಫೊರ್ತುನಾತಾ, ಪೇಟೆಯಲ್ಲಿ ಈರುಳ್ಳಿ ಮಾರುವವಳು. ನಡೆದದ್ದನ್ನು ಅವಳೇ ಹೇಳಿದಳು. ನಡುವಿನ ಸ್ಮಶಾನದ ಸ್ಟೇಷನ್ನಿನಲ್ಲಿ ಸಿಪ್ರಿಯಾನೊ ಪಕ್ಕದಲ್ಲಿ ಕೂತಿದ್ದ ಅವಳಿಗೆ "ಒಂದ್ನಿಮಿಷ ಹಿಡ್ಕೊಳ್ಳಿ" ಎಂದು ಡಬ್ಬ ಕೊಟ್ಟು, ಹಿಂದಿನ ಕ್ಯಾಬಿನ್ನಿನಲ್ಲಿ ಗೆಳೆಯನಿದ್ದಾನೆಯೇ ಎಂದು ನೋಡಲು ಕೆಳಗೆ ಕಾಲಿಟ್ಟ. ಕ್ಯಾಬಿನ್ನು ಅವನಿಗಾಗಿ ಕಾಯದೆ ಅವಳನ್ನೂ ಡಬ್ಬವನ್ನೂ ಮೇಲಕ್ಕೆ ತಂದುಬಿಟ್ಟಿತು. ಅವನು ಗೆಳೆಯನನ್ನು ಹುಡುಕಿಕೊಂಡು ಕೆಳಗೆ ಹೋಗಿರಬೇಕು.

ಸುಮಾರು ಹೊತ್ತಾದ ಮೇಲೆ ಸಿಪ್ರಿಯಾನೊ ಬಂದ. ತಲೆ ತಗ್ಗಿಸಿ, ಮುಖ ಬೂದಿಯಾಗಿ, ಸಾವಿನ ಮನೆಗೆ ಬಂದವನಂತಿದ್ದ. ಎರ್ಲಾನ್ ಬೇಕೆಂದೇ ಶಾಲನ್ನು ಎಲ್ಲ ಡಬ್ಬಗಳ ಮೇಲೂ ಎಳೆದು ಮುಚ್ಚಿದ.

"ಮೊಸಳೆ, ನನ್ನ ಕಥೆ ಮುಗೀತು ಕಣೋ. ನಿನ್ನ ಜೊತೆ ನಿಮ್ಮೂರಿಗೇ ಬಂದ್ಬಿಡ್ತೀನಿ. ಕಸಿಲ್ದಾಗೆ ನಾನು ಸತ್ತೆ ಅಂತ ಹೇಳು."

"ನಮ್ಮೂರಲ್ಲಿ ಸೊಳ್ಳೆ ಇದಾವೆ."

"ಕಚ್ಚಲಿ ಬಿಡು. ಅವಳಿಗಿಂತ ವಾಸಿ."

ಫೊರ್ತುನಾತಾಗೆ ತಡೆಯಲಾಗಲಿಲ್ಲ. ನಗುತ್ತಾ ಶಾಲು ಎಳೆದಳು. ಸಿಪ್ರಿಯಾನೊ ಡಬ್ಬ ನೋಡಿದ, ಅವಳನ್ನು ನೋಡಿದ, ಆಮೇಲೆ ಅವಳ ಎರಡೂ ಕೈ ಹಿಡಿದು ಮುತ್ತಿಟ್ಟ. ಮುತ್ತಿಟ್ಟ ಬಾಯಲ್ಲೇ ಗೆಳೆಯನಿಗೆ ಹಿಡಿಶಾಪ ಹಾಕಿದ.

ಮಂಟಪ ಹತ್ತಿರದಲ್ಲೇ ಇತ್ತು. ಹಸಿರು, ಕಿತ್ತಳೆ, ನೇರಳೆ ಬಳಿದ ಐದಂತಸ್ತಿನ ಕಟ್ಟಡ. ಪುಟ್ಟ ಡಬ್ಬ ಹೊತ್ತು ಫೊರ್ತುನಾತಾಳೂ ಜೊತೆಗೆ ಬಂದಳು. ಬಾಗಿಲಲ್ಲಿ ನಿಂತಿದ್ದ ಕಸಿಲ್ದಾ ಮುಚ್ಚಳ ಒಂದೊಂದೇ ತೆಗೆದಳು. ಮಧ್ಯದ ಅಂತಸ್ತಿನ ಕೆನೆಯಲ್ಲಿ ಆಳವಾಗಿ ಒಂದು ಹೆಬ್ಬೆರಳಿನ ಗುರುತು.

"ಇದು ಯಾರದು?"

ಎರ್ಲಾನ್ ತನ್ನ ಹೆಬ್ಬೆರಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಅದರಲ್ಲಿ ಇನ್ನೂ ಕೆನೆ ಇತ್ತು.

"ಹೋಗ್ಲಿ ಬಿಡು ಮಗಳೇ," ಎಂದಳು ಫೊರ್ತುನಾತಾ. "ಅದನ್ನ ಕಾಪಾಡ್ತಾ ಸಾಯೋಕೆ ಹೋಗಿದ್ದ ಪಾಪ."

ಕಸಿಲ್ದಾ ಒಂದು ದೊಡ್ಡ ನೀಲಿ ಹೂವು ತೆಗೆದು ಆ ಗುಳಿಗೆ ಒತ್ತಿದಳು. ಎಲ್ಲಕ್ಕಿಂತ ಚೆಂದ ಕಂಡದ್ದು ಅದೇ. ಮದುಮಗಳ ತಾಯಿ ಬಂದು ಮೂವರನ್ನೂ ಒಳಗೆ ಎಳೆದೊಯ್ದಳು. ಮದುವೆ ಮನೆಯಿಂದ ಯಾರನ್ನಾದರೂ ಉಣಿಸದೆ ಕಳಿಸುವುದುಂಟೇ? ತಲೆಯ ಮೇಲೆ ಬಣ್ಣದ ಕಾಗದದ ಚೂರು ಸುರಿದರು, ಕೈಗೆ ಬಿಯರ್ ಕೊಟ್ಟರು, ತಟ್ಟೆ ತುಂಬ ಹಂದಿ ಮಾಂಸ ಬಡಿಸಿದರು. ಬ್ಯಾಂಡಿನವರು ಕಹಳೆ ಎತ್ತಿದಾಗ ಫೊರ್ತುನಾತಾ ಎರ್ಲಾನ್‌ನ ತೋಳು ಹಿಡಿದಳು.

"ಅಮ್ಮಾ, ಉಸಿರು ನಿಂತ್ಹೋಗುತ್ತೆ."

"ನಿಂತ್ರೆ ನೋಡ್ಕೊಳ್ಳೋಣ, ಬಾ."

ಉಸಿರು ನಿಲ್ಲಲಿಲ್ಲ. ಒಂದು ಸುತ್ತು ಕುಣಿದು, ಒಂದು ಸುತ್ತು ಕೂತು, ಮತ್ತೆ ಕುಣಿದ. ಅವಳ ಲಂಗ ಸುತ್ತುವಾಗ ಅವನ ಮೊಣಕಾಲಿಗೆ ಬಡಿಯುತ್ತಿತ್ತು. ತನ್ನೂರಿನ ಜಾತ್ರೆಯಲ್ಲೂ ಅವನು ಇಷ್ಟು ನಕ್ಕಿರಲಿಲ್ಲ.

ಭಾನುವಾರ ಬೆಳಿಗ್ಗೆ ಸಿಪ್ರಿಯಾನೊ ಕೇಳಿದ, "ಇವತ್ತು ಹೇಳು, ಎಲ್ಲಿಗೆ ಹೋಗೋಣ? ಮ್ಯೂಸಿಯಮ್ಮಾ, ದೊಡ್ಡ ಚರ್ಚಾ?"

"ಕೇಬಲ್ ಕಾರು. ಕೈ ಬೀಸ್ಕೊಂಡು," ಎಂದ ಎರ್ಲಾನ್.

ಕಸಿಲ್ದಾಳೂ ಹೊರಟಳು. ಏನೂ ಹೊರದೆ ಅದರಲ್ಲಿ ಕೂತು ಎಷ್ಟು ಕಾಲವಾಯಿತೋ ತನಗೇ ನೆನಪಿಲ್ಲ ಎಂದಳು. ಹಳದಿ ಲೈನಿನಲ್ಲಿ ಎರ್ಲಾನ್ ಕಿಟಕಿಗೆ ಅಂಟಿಕೊಂಡು, ಅದೇನು, ಇದೇನು, ಆ ಇಳಿಜಾರಲ್ಲಿ ಮನೆ ಕಟ್ಟಿದವರು ಕುರ್ಚಿ ಹೇಗೆ ಇಡುತ್ತಾರೆ ಎಂದೆಲ್ಲ ಕೇಳುತ್ತಲೇ ಇದ್ದ. ಅವಳು ಹೇಳುತ್ತಲೇ ಇದ್ದಳು. ಹಿಂದಿನ ದಿನದ ದಣಿವಿಗೆ ಸಿಪ್ರಿಯಾನೊ ಗೆಳೆಯನ ಹೆಗಲಿಗೆ ಒರಗಿ ನಿದ್ದೆ ಹೋದ, ಸಣ್ಣಗೆ ಗೊರಕೆ ಶುರುವಾಯಿತು.

ಕೆಳತುದಿಯ ಕೊನೆಯ ಸ್ಟೇಷನ್ನಿನಲ್ಲಿ ಎಲ್ಲರೂ ಇಳಿಯಬೇಕು. ಕಾವಲಿನ ಹುಡುಗಿ ಕ್ಯಾಬಿನ್ನಿನ ಜೊತೆ ನಡೆಯುತ್ತಾ ಒಳಗೆ ಬಗ್ಗಿ ನೋಡಿದಳು. ಎರ್ಲಾನ್ ತುಟಿಯ ಮೇಲೆ ಬೆರಳಿಟ್ಟು, ಹೆಗಲ ಮೇಲಿನ ತಲೆಯನ್ನು ಕಣ್ಣಲ್ಲೇ ತೋರಿಸಿದ. ಅವಳು ಆಚೀಚೆ ನೋಡಿ, ನಗು ಅದುಮಿಕೊಂಡು, ಬೇರೆ ಕಡೆಗೆ ತಿರುಗಿ ನಿಂತಳು. ಬಾಗಿಲು ಮುಚ್ಚಿತು. ಮೂವರೂ ಮತ್ತೆ ಮೇಲಕ್ಕೆ ಹೊರಟರು.