ಪೋಲಿದೋರನ ಬೆಡಗು

"ಹುಡುಗ ಒಳ್ಳೆಯವನು. ಅದರಲ್ಲಿ ಎರಡು ಮಾತಿಲ್ಲ," ಎಂದ ಮುದುಕ ಗೇಕೆಕ್. "ಆದ್ರೆ ನಿಮ್ಮ ಬೆಡಗು ಯಾವುದು, ಯಾವ ಕುಲದವರು ನೀವು, ತಮ್ಮಾ?"

ಹಿಲೇರ್ ಬೀವರ್ ಎಂಬ ನೀರುಪ್ರಾಣಿಯ ತೊಗಲಿನ ಮೂಟೆಯ ಮೇಲೆ ಮೊಣಕಾಲೂರಿ ಹಗ್ಗ ಬಿಗಿಯುತ್ತಿದ್ದ. ಅವನ ಕೈ ಹಾಗೇ ನಿಂತಿತು. ಕೆರೆಯ ಮಂಜುಗಡ್ಡೆ ಒಡೆದು ನೀರು ತಿಳಿಯಾಗಿತ್ತು. ಚಳಿಗಾಲವಿಡೀ ಕೂಡಿಹಾಕಿದ ತುಪ್ಪಳವೆಲ್ಲ ಮೂಟೆಯಾಗಿ, ದೋಣಿ ಹತ್ತಿ, ಮ್ಯಾಕಿನಾ ದ್ವೀಪದ ಕಡೆ ಹೊರಡಬೇಕಾದ ಸಮಯ. ಆ ಗಡಿಬಿಡಿಯ ನಡುವೆಯೇ ಮುದುಕ ಮೊಮ್ಮಗಳ ಮದುವೆ ಮಾತು ಎತ್ತಿಕೊಂಡು ಬಂದಿದ್ದ. ಹಿಲೇರನ ಮಗ ಬಾಜಿಲ್‌ಗೂ ಮುದುಕನ ಮೊಮ್ಮಗಳು ಬಿನೇಶಿಗೂ ಮನಸ್ಸು ಕೂಡಿದೆಯೆಂಬುದು ಊರಿಗೆಲ್ಲ ಗೊತ್ತಿತ್ತು. ಹೋದ ಚಳಿಗಾಲದಲ್ಲಿ ಮುದುಕನ ಮನೆಗೆ ಬೇಕಾದ ಸೌದೆಯನ್ನೆಲ್ಲ ಬಾಜಿಲ್‌ನೇ ಒಡೆದು ಹಾಕಿದ್ದ. ಯಾರೂ ಹೇಳಿರಲಿಲ್ಲ.

"ನೆನೂಕಾಸಿ ಕರಡಿ ಬೆಡಗಿನವಳು. ನಿಮಗೆ ಗೊತ್ತಲ್ಲ," ಎಂದ ಹಿಲೇರ್.

"ನಿನ್ನ ಹೆಂಡ್ತಿದು ಅವಳಪ್ಪನಿಂದ ಬಂದದ್ದು. ನಿನ್ನ ಮಗನಿಗೆ ನಿನ್ನಿಂದ ಬರಬೇಕು. ನಾನು ಕೇಳ್ತಿರೋದು ಅದನ್ನ."

ಹಿಲೇರ್ ಎದ್ದು ನಿಂತ. ಎದ್ದರೆ ಬಾಗಿಲಿನ ಬೆಳಕೆಲ್ಲ ಮುಚ್ಚಿಹೋಗುವಂಥ ಆಳು. ಈ ಕೆರೆಯ ಒಜಿಬ್ವೆ ಬುಡಕಟ್ಟಿನ ಜನರ ನಡುವೆ ಅವನು ಬಂದು ನೆಲೆಸಿದಾಗ ಅವನನ್ನು ಏನೆಂದು ಕರೆಯಬೇಕೆಂದು ಅವರು ಹೆಚ್ಚು ತಲೆ ಕೆಡಿಸಿಕೊಂಡಿರಲಿಲ್ಲ. ಕೆಂಪು ಕೋಟಿನವರು ಇಂಗ್ಲಿಷರು, ಉದ್ದ ಕತ್ತಿಯವರು ಅಮೆರಿಕದವರು, ಬಟ್ಟೆ ಕೊಟ್ಟು ತೊಗಲು ಒಯ್ಯುತ್ತ ಫ್ರೆಂಚ್ ಆಡುವವರು ಫ್ರೆಂಚರು. ಹಿಲೇರ್ ಫ್ರೆಂಚ್ ಆಡುತ್ತಿದ್ದ, ಬಟ್ಟೆ ಕೊಡುತ್ತಿದ್ದ, ಮೈ ಕಪ್ಪಗಿತ್ತು. ಆದ್ದರಿಂದ ಅವನು ಕರೀ ಫ್ರೆಂಚ. ಹೆಂಗಸರು ಈಗಲೂ ಹಾಗೆಂದು ಕರೆದು ನಗುತ್ತಿದ್ದರು, ಅವನೂ ನಗುತ್ತಿದ್ದ. ಉತ್ತರವೇ ಇಲ್ಲದ ಪ್ರಶ್ನೆಯೊಂದನ್ನು ಇಲ್ಲಿ ಅವನಿಗೆ ಯಾರೂ ಕೇಳಿರಲಿಲ್ಲ.

"ನಮ್ಮಪ್ಪ ಮ್ಯಾಕಿನಾದಲ್ಲಿ ಒಬ್ಬ ಕ್ಯಾಪ್ಟನ್ ಮನೇಲಿ ಗುಲಾಮ ಆಗಿದ್ದ," ಎಂದ. "ಕ್ಯಾಪ್ಟನ್ ಸತ್ತ ಮೇಲೆ ಬಿಡುಗಡೆ ಆಯ್ತು. ಅದಕ್ಕಿಂತ ಹಿಂದಿಂದು ನನಗೆ ಹೆಚ್ಚೇನೂ ಗೊತ್ತಿಲ್ಲ."

"ಅವನು ಏನಾಗಿದ್ದ ಅಂತ ಕೇಳ್ಲಿಲ್ಲಪ್ಪ. ಯಾರವನು ಅಂತ ಕೇಳ್ದೆ."

ಮುದುಕನ ದನಿಯಲ್ಲಿ ಕಟುತನವೇನೂ ಇರಲಿಲ್ಲ. ತಾವು ಕೊಕ್ಕರೆ ಬೆಡಗಿನವರು, ಕೊಕ್ಕರೆಯೇ ತಮ್ಮ ಹಿರಿಯ, ಬಿನೇಶಿ ಯಾರ ಮನೆಗೆ ಹೋದರೂ ಕೊಕ್ಕರೆಯವಳೇ ಎಂದು ಅವನು ಸಮಾಧಾನವಾಗಿ ಬಿಡಿಸಿ ಹೇಳಿದ. ಆದರೆ ಅವಳ ಹೊಟ್ಟೆಯಲ್ಲಿ ಹುಟ್ಟುವ ಮಕ್ಕಳು ಯಾರು? ಬೇರೆ ಕೆರೆಯ ಊರಿಗೆ ಹೋದಾಗ ಯಾರ ಬಾಗಿಲಲ್ಲಿ ನಿಂತು 'ನಾನು ನಿಮ್ಮವನು' ಅನ್ನಬೇಕು? ಇದಕ್ಕೊಂದು ದಾರಿಯೂ ಇದೆ ಎಂದ. ಹದ್ದಿನ ಬೆಡಗಿನವರು ಹೊರಗಿನ ವ್ಯಾಪಾರಿಗಳ ಮಕ್ಕಳನ್ನು ಒಳಗೆ ಕರೆದುಕೊಂಡದ್ದುಂಟು. ಹೋಗಿ ಕೇಳಿದರೆ ಇಲ್ಲವೆನ್ನಲಾರರು.

ಬಾಜಿಲ್‌ಗೆ ಈ ಸುದ್ದಿ ಭಾರವೆನಿಸಲಿಲ್ಲ. ಹದ್ದಾದರೆ ಹದ್ದು, ಇವತ್ತೇ ಹೊರಡೋಣ ಎಂದ. ಅವನ ಕಣ್ಣಿಗೆ ಬಿನೇಶಿಯ ಹೊರತು ಬೇರೇನೂ ಕಾಣುತ್ತಿರಲಿಲ್ಲ. ಹಿಲೇರ್ ಮಾತ್ರ ದೋಣಿಯ ಬಿರುಕುಗಳಿಗೆ ಅಂಟು ಮೆತ್ತುತ್ತ ಕೂತ. ನೆನೂಕಾಸಿ ಪಕ್ಕದಲ್ಲಿ ಕೂತು ಅಂಟು ಕಾಯಿಸಿ ಕೊಡುತ್ತಿದ್ದಳು. ಅಂಟಿನಲ್ಲಿ ಕಡ್ಡಿ ಅದ್ದುತ್ತ ಅವನು ಹೇಳಿದ.

"ಅಪ್ಪನಿಗೆ ಪೋಲಿದೋರ್ ಅಂತ ಹೆಸರಿಟ್ಟವನು ಆ ಕ್ಯಾಪ್ಟನ್. ಮೈಮೇಲಿನ ಕೋಟು ಕ್ಯಾಪ್ಟನ್ ಹಾಕಿ ಬಿಟ್ಟದ್ದು. ಬಿಡುಗಡೆ ಕೂಡ ಅವನೇ ಸಾಯೋ ಮೊದಲು ಬರೆದಿಟ್ಟು ಕೊಟ್ಟದ್ದು. ಈಗ ನಾನು ನನ್ನ ಮಗನಿಗೆ ಬೆಡಗನ್ನೂ ಇನ್ನೊಬ್ಬರ ಮನೇಲಿ ಬೇಡಿ ತರಬೇಕು."

"ಕೇಳೋದು ಬೇರೆ, ಬೇಡೋದು ಬೇರೆ," ಎಂದಳು ನೆನೂಕಾಸಿ. "ನನ್ನನ್ನ ಬೇಡಿ ತಂದ್ಯಾ? ನೀನು ಬಂದೆ, ಕೇಳ್ದೆ. ನಮ್ಮಪ್ಪ ಕೊಟ್ಟ. ಆಮೇಲೆ ಸಾಯೋವರೆಗೂ ನಿನ್ನನ್ನ ಬೈದ."

ಹಿಲೇರನಿಗೆ ನಗು ಬಂತು. ಆದರೆ ಅಂಟು ಮೆತ್ತುವ ಕಡ್ಡಿ ಇನ್ನೂ ಒಂದೇ ಜಾಗವನ್ನು ಒತ್ತುತ್ತಿತ್ತು. ಅವಳು ಅವನ ಕೈಯಿಂದ ಕಡ್ಡಿ ತೆಗೆದುಕೊಂಡು ಉಳಿದದ್ದನ್ನು ತಾನೇ ಮುಗಿಸಿದಳು.

ಕೊನೆಗೆ ಹದ್ದಿನವರ ಬಳಿ ಹೋಗುವುದೆಂದೇ ನಿಶ್ಚಯಿಸಿ, ಅದನ್ನು ಹೇಳಿಬರಲು ಗಂಡ ಹೆಂಡತಿ ಗೇಕೆಕ್‌ನ ಮನೆಗೆ ಹೋದರು. ಮಧ್ಯಾಹ್ನದ ಊಟದ ಹೊತ್ತು. ಮುದುಕನ ಹೆಂಡತಿ ಹೊರಗೇ ಒಲೆ ಹೂಡಿದ್ದಳು. ಬೀಗರಾಗುವವರು ಬಂದರೆಂದು ಅವಳೇ ಬಡಿಸಲು ನಿಂತಳು. ಬಿನೇಶಿ ತಲೆ ತಗ್ಗಿಸಿ ತೊಗಟೆಯ ಬಟ್ಟಲುಗಳನ್ನು ಎಲ್ಲರ ಮುಂದಿಟ್ಟಳು.

ಹಿಲೇರ್ ಬಟ್ಟಲನ್ನು ಮೂಗಿನ ಬಳಿ ತಂದವನು ಮೆಲ್ಲಗೆ ಕೆಳಗಿಟ್ಟ. ಆಮೆಯ ಸಾರು. ತನಗೆ ಹಸಿವಿಲ್ಲ ಎಂದ.

"ಯಾಕೆ, ನಮ್ಮ ಮನೆ ಅಡುಗೆ ಗಂಟಲಲ್ಲಿ ಇಳಿಯಲ್ವಾ?" ಎಂದಳು ಮುದುಕಿ. "ಇಷ್ಟು ದೊಡ್ಡ ಹೊಟ್ಟೆಗೆ ಹಸಿವಿಲ್ಲ ಅಂದ್ರೆ ಯಾರು ನಂಬ್ತಾರೆ?"

"ತಪ್ಪು ತಿಳೀಬೇಡಿ, ಅಮ್ಮ. ಆಮೆ ತಿಂದು ಅಭ್ಯಾಸ ಇಲ್ಲ. ನಮ್ಮಪ್ಪ ಇದನ್ನ ಮನೆಯೊಳಗೇ ತರಿಸ್ತಿರಲಿಲ್ಲ."

ನೆನೂಕಾಸಿ ಹೌದೆಂದಳು. ತನ್ನ ಮನೆಯಲ್ಲೂ ಅದು ಬೇಯುವುದಿಲ್ಲ, ಗಂಡನಿಗೆ ಆ ವಾಸನೆ ಆಗದೇನೋ ಎಂದುಕೊಂಡು ತಾನೂ ಸುಮ್ಮನಿದ್ದೇನೆ ಎಂದಳು.

ಮುದುಕ ಗೇಕೆಕ್ ತಿನ್ನುವುದನ್ನು ನಿಲ್ಲಿಸಿದ್ದ. ಯಾಕೆ ತರಿಸುತ್ತಿರಲಿಲ್ಲ ಎಂದು ಕೇಳಿದ.

ಹಿಲೇರ್‌ಗೆ ಇದು ಹೇಳಿಕೊಳ್ಳುವಂಥ ವಿಷಯವೇ ಅನಿಸಿರಲಿಲ್ಲ. ಬಿಡಿಬಿಡಿಯಾಗಿ ಹೇಳಿದ. ಕ್ಯಾಪ್ಟನ್ ಮನೆಯ ಅಡುಗೆಯವನು ಒಮ್ಮೆ ತಮಾಷೆಗೆಂದು ದನದ ಮಾಂಸವೆಂದು ಹೇಳಿ ಅಪ್ಪನಿಗೆ ಆಮೆ ತಿನ್ನಿಸಿದ್ದ. ಗೊತ್ತಾದ ಕೂಡಲೇ ಅಪ್ಪ ಹೊರಗೆ ಹೋಗಿ ಕಕ್ಕಿಕೊಂಡ. ಅಲ್ಲಿಗೆ ಮುಗಿಯಲಿಲ್ಲ. ನೀರಿನ ಅಂಚಿಗೆ ಹೋಗಿ ಕೂತು, ಯಾರೋ ಸತ್ತವರ ಹಾಗೆ ಅತ್ತ. ದೊಡ್ಡ ಗಂಡಸು ಒಂದು ಆಮೆಗೋಸ್ಕರ ಅಳುವುದನ್ನು ನೋಡಲು ಕೋಟೆಯ ಸಿಪಾಯಿಗಳೆಲ್ಲ ಬಂದಿದ್ದರು. ಹಿಲೇರ್ ಆಗ ಚಿಕ್ಕವನು, ಅಮ್ಮನ ಲಂಗದ ಮರೆಯಲ್ಲಿ ನಿಂತಿದ್ದ.

"ಏನಾದ್ರೂ ಹೇಳ್ತಿದ್ನಾ ಅವನು?" ಎಂದ ಗೇಕೆಕ್.

"ಹಿರೀಕರನ್ನ ಯಾರಾದ್ರೂ ತಿಂತಾರಾ ಅಂತಿದ್ದ. ನಾವು ಹಾಗೇ ಏನೋ ಅಂತಾನೆ ಅಂದ್ಕೊಂಡಿದ್ವಿ."

ಅಪ್ಪ ಎಲ್ಲಿ ಹುಟ್ಟಿದವನು ಎಂದು ಮುದುಕ ಬಹಳ ಮೆತ್ತಗೆ ಕೇಳಿದ. ಉಪ್ಪುನೀರಿನ ಕಡಲಿನ ಆಚೆ ಎಂದ ಹಿಲೇರ್. ಹಾಲುಹಲ್ಲು ಬೀಳುವ ಮೊದಲೇ ಹಿಡಿದು ತಂದು ಮಾರಿದ್ದರು. ತಾಯಿಯ ಮುಖ ಅವನಿಗೆ ಮರೆತುಹೋಗಿತ್ತು. ಅವಳು ಕರೆಯುತ್ತಿದ್ದ ಹೆಸರೂ ಮರೆತಿತ್ತು. ಆ ಮಾತಿನ ಒಂದು ಪದವೂ ನಾಲಗೆಯ ಮೇಲೆ ಉಳಿದಿರಲಿಲ್ಲ.

ಗೇಕೆಕ್ ತನ್ನ ಬಟ್ಟಲನ್ನು ದೂರ ಸರಿಸಿ ಹೆಂಡತಿಯ ಕಡೆ ತಿರುಗಿದ.

"ಏನೇ ನೀನು," ಎಂದ. "ಆಮೆ ಬೆಡಗಿನವರನ್ನ ಕೂರಿಸಿ ಆಮೆ ಬಡಿಸಿದ್ದೀಯಲ್ಲೇ."

ಮುದುಕಿ ಕೈಯಲ್ಲಿದ್ದ ಸೌಟನ್ನು ಗಡಿಗೆಯೊಳಗೆ ಬಿಟ್ಟಳು. "ಅಯ್ಯೋ, ಬಾಯಿ ಬಿಟ್ಟು ಹೇಳೋಕೇನಾಗಿತ್ತು ಇವನಿಗೆ," ಎಂದು ಗೊಣಗಿ, ಹಿಲೇರನ ಮುಂದಿನ ಬಟ್ಟಲು ಎತ್ತಿಕೊಂಡು ನೀರಿಗೆ ಹೋದಳು. ಮರಳಿನಿಂದ ತಿಕ್ಕಿದಳು, ಮತ್ತೆ ತಿಕ್ಕಿದಳು. ಆಮೇಲೆ ಅದನ್ನು ಬಿಟ್ಟು ಹೊಸ ಬಟ್ಟಲಿನಲ್ಲಿ ಮೀನು ಮತ್ತು ಕಾಡಕ್ಕಿಯ ಅನ್ನ ತಂದಿಟ್ಟಳು.

ಹಿಲೇರ್ ಊಟಕ್ಕೆ ಕೈ ಹಾಕಲಾರದೆ ಕೂತಿದ್ದ. ನೆನೂಕಾಸಿ ಅವನ ಬೆನ್ನ ಮೇಲೆ ಕೈಯಿಟ್ಟು, ಎಲ್ಲರ ಎದುರಿಗೇ, ತೆಗೆಯದೆ ಹಾಗೇ ಇಟ್ಟುಕೊಂಡಳು.

ಪಡುವಣ ದಿಕ್ಕಿನ ಕೆರೆಯಲ್ಲಿ ಆಮೆ ಬೆಡಗಿನ ಮನೆಗಳಿದ್ದವು. ಗೇಕೆಕ್ ಅಲ್ಲಿಗೆ ಹೇಳಿಕಳಿಸಿದ. ಅಲ್ಲಿಂದ ಇಬ್ಬರು ಹಿರಿಯರು ಬಂದರು. ಕಡಲಿನಾಚೆ ತಮ್ಮವರು ಇರಬಹುದೇ ಎಂದು ಅವರು ಬೇಗ ಒಪ್ಪಲಿಲ್ಲ. ಹಿಲೇರನಿಂದ ಅದೇ ಕತೆಯನ್ನು ಮತ್ತೆ ಹೇಳಿಸಿದರು. ಅಪ್ಪ ನೀರಿನ ಅಂಚಿನಲ್ಲಿ ಕೂತು ಅತ್ತ ಭಾಗ ಬಂದಾಗ, ಅವರಲ್ಲಿ ಹಿರಿಯನಾದವನು ಇನ್ನು ಸಾಕು ಎಂದು ಕೈ ಎತ್ತಿದ. ಮದುವೆಯ ದಿನ ಅವರು ಬಾಜಿಲ್‌ನನ್ನು ತಮ್ಮ ನಡುವೆ ಕೂರಿಸಿಕೊಂಡರು. ಅವನು ನಾಚಿ ನಾಚಿ ಕೊನೆಗೆ ಸರಿಯಾಗಿ ಉಣ್ಣಲೂ ಇಲ್ಲವೆಂದು ಬಿನೇಶಿ ಆಮೇಲೆ ಎಷ್ಟೋ ದಿನ ಆಡಿಕೊಂಡಳು.

ಆ ವರ್ಷ ತುಪ್ಪಳದ ದೋಣಿಗಳು ತಡವಾಗಿ ಮ್ಯಾಕಿನಾಕ್ಕೆ ಹೊರಟಾಗ ನೆನೂಕಾಸಿಯೂ ಹತ್ತಿದಳು. ಮೂಟೆಗಳನ್ನೆಲ್ಲ ಇಳಿಸಿ ಒಪ್ಪಿಸಿದ ಮೇಲೆ ಹಿಲೇರ್ ಅವಳನ್ನು ಕೋಟೆಯ ಹಿಂದಿನ ಸ್ಮಶಾನಕ್ಕೆ ಕರೆದೊಯ್ದ. ಬೇಲಿಯ ಹೊರಗೆ, ಹುಲ್ಲಿನ ನಡುವೆ, ಅಪ್ಪನ ಗೋರಿಯ ವಾಲಿದ ಹಲಗೆಯಿತ್ತು. ಮೇಲಿನ ಅಕ್ಷರ ಮಳೆಗೆ ಅಳಿಸಿಹೋಗಿತ್ತು. ಅವನು ಹಲಗೆಯನ್ನು ನೇರ ಮಾಡಿ ಬುಡಕ್ಕೆ ಕಲ್ಲು ಒತ್ತಿದ. ಸೊಂಟದ ಚಾಕು ತೆಗೆದು ಆಮೆಯ ಗೆರೆ ಕೊರೆಯತೊಡಗಿದ.

"ತಲೆ ಕೆಳಗಿರಲಿ," ಎಂದಳು ನೆನೂಕಾಸಿ. "ಹೋದವರಿಗೆ ಹಾಗೇ ಬರೀಬೇಕು."

ಅವನು ಹಾಗೇ ಕೊರೆದ. ಕಾಲುಗಳು ಒಂದು ಉದ್ದ ಒಂದು ಗಿಡ್ಡವಾದವು. ಅವಳು ಹಲಗೆಯ ಮುಂದೆ ಮೇಪಲ್ ಸಕ್ಕರೆಯ ಒಂದು ಹೆಂಟೆ ಇಟ್ಟಳು. ಹಿಲೇರ್ ಟೊಪ್ಪಿ ತೆಗೆದು ಹುಲ್ಲಿನ ಮೇಲೆ ಕೂತು, ಅಪ್ಪನೊಂದಿಗೆ ಫ್ರೆಂಚಿನಲ್ಲಿ ಮಾತಾಡತೊಡಗಿದ. ಹೇಳಲು ಬಹಳವಿತ್ತು. ನೆನೂಕಾಸಿಗೆ ಆ ಭಾಷೆ ಬರುತ್ತಿರಲಿಲ್ಲ. ಅವಳು ಮೊಣಕಾಲು ಅಪ್ಪಿಕೊಂಡು ಪಕ್ಕದಲ್ಲಿ ಕೂತು ಕೇಳುತ್ತಿದ್ದಳು. ತಿಳಿಯದ ಮಾತುಗಳ ನಡುವೆ ಆಗಾಗ ಬಾಜಿಲ್ ಎಂದು ಕೇಳಿಸುತ್ತಿತ್ತು, ಬಿನೇಶಿ ಎಂದು ಕೇಳಿಸುತ್ತಿತ್ತು, ಒಮ್ಮೆ ಅವಳ ಹೆಸರೂ ಕೇಳಿಸಿತು.