ಬಾರದ ಜ್ವರ

"ನಂಗೆ ಯಾವ ಜ್ವರಾನೂ ಬಂದಿರ್ನಿಲ್ಲ ಕಣವ್ವ," ಎಂದು ಕೆಂಚಮ್ಮ ಇಂಕ್ ಪ್ಯಾಡಿನಿಂದ ಹೆಬ್ಬೆರಳನ್ನು ಹಿಂದಕ್ಕೆಳೆದುಕೊಂಡಳು. "ಅವತ್ತು ಇದೇ ಬೆಂಚಿನ್ ಮ್ಯಾಲೆ ಕುಂತಿರ್ನಿಲ್ವಾ?"

ಕೂತಿದ್ದಳು. ತನ್ನೂರು ಕಲ್ಯದಿಂದ ಮೊದಲ ಬಸ್ಸಿಗೆ ಬಂದು "ಇವತ್ತೇ ಕೋರ್ಟ್ನಾಗೆ ನನ್ ವಾಯ್ದೆ" ಎಂದಿದ್ದಳು. ಕಚೇರಿಯ ಜೂನಿಯರ್ ಲಾಯರ್ ನಯನಾ ಡೈರಿ ತೆರೆದು, ಆ ದಿನದ ಪುಟ ಖಾಲಿಯಿದ್ದುದನ್ನು ನೋಡಿ, ಸೀನಿಯರ್ ಸಾಹೇಬರು ಬರಲಿ ಎಂದು ಕೂರಿಸಿದ್ದಳು. ಅತ್ತ ಮಾಗಡಿ ಕೋರ್ಟಿನಲ್ಲಿ ಮೂರು ಸಲ ಕೂಗಿದರೂ ಯಾರೂ ಎದ್ದು ನಿಲ್ಲದೆ ದಾವೆ ವಜಾ ಆಯಿತು. ಮತ್ತೆ ತೆರೆಸುವ ಅರ್ಜಿಗೆ ಇವತ್ತೇ ಕೊನೆಯ ದಿನ; ಜ್ವರದಿಂದ ಬರಲಾಗಲಿಲ್ಲ ಎಂಬ ಅವಳ ಪ್ರಮಾಣಪತ್ರವನ್ನು ಅದರ ಜೊತೆಗಿಡಬೇಕಿತ್ತು. ತಪ್ಪಿದರೆ, ಮೈದುನ ಕದ್ದು ಕಾರ್ಖಾನೆಗೆ ಮಾರಿದ ಅವಳ ಎರಡೆಕರೆ ಹೋದಂತೆಯೇ.

ಕಾರ್ಖಾನೆಗಳು ಈ ಕಡೆ ಮುಖ ಮಾಡಿದಂದಿನಿಂದ ಸೀನಿಯರ್ ಅನಂತರಾಜು ಅವರಿಗೆ ಕೋರ್ಟಿಗಿಂತ ಸೈಟುಗಳ ಮೇಲೇ ಪ್ರೀತಿ. ಗುಮಾಸ್ತ ಬಿಟ್ಟುಹೋದ ಮೇಲೆ ಡೈರಿ ಬರೆಯುವ ಕೆಲಸ ಎಲ್ಲರದೂ ಆಗಿ ಯಾರದೂ ಆಗಿರಲಿಲ್ಲ.

"ಎಲ್ರೂ ಜ್ವರ ಅಂತ್ಲೇ ಹಾಕೋದು ಕಣಮ್ಮ," ಎಂದರು ಅವರು ಒಳಗಿನಿಂದ ನಯನಾಳಿಗೆ, ಫೋನಿಗೆ ಕೈ ಅಡ್ಡ ಹಿಡಿದು. "ಹೆಬ್ಬೆಟ್ಟು ಒತ್ತಿಸ್ಕೊಂಡ್ ಹೋಗು."

"ಒತ್ತುದ್ರೆ ನಂದೇ ತಪ್ಪು ಅಂತಾಯ್ತದಲ್ಲವ್ವಾ? ನಾನು ಒಂದ್ ವಾಯ್ದೇನೂ ತಪ್ಪುಸ್ನಿಲ್ಲ."

ನಯನಾಳಿಗೆ ನಾಚಿಕೆಯಾಯಿತು. ಜ್ವರದ ಹಾಳೆಯನ್ನು ಹರಿದಳು. ತನ್ನದೇ ಹೆಸರಿನಲ್ಲಿ ಪ್ರಮಾಣಪತ್ರ ಬರೆದಳು: ವಾದಿ ಬಂದಿದ್ದರು, ತಪ್ಪಿದ್ದು ನಮ್ಮ ಕಚೇರಿ. ಕೆಳಗೆ ಇನ್ನೊಬ್ಬ ವಕೀಲರು 'ಇವರನ್ನು ಬಲ್ಲೆ' ಎಂದು ರುಜು ಹಾಕಬೇಕು, ಅಷ್ಟೇ.

ವಕೀಲರ ಸಂಘದ ಕೋಣೆಯಲ್ಲಿ ಹಾಳೆ ಕೈಯಿಂದ ಕೈಗೆ ಹೋಯಿತು. ಒಬ್ಬರು ಕನ್ನಡಕ ಮರೆತು ಬಂದಿದ್ದರು. ಇನ್ನೊಬ್ಬರು ಓದಿ, ಮಡಿಸಿ, ವಾಪಸ್ಸು ಕೊಟ್ಟರು. "ನಿಮ್ ಸೀನಿಯರ್ ರಾಜಣ್ಣನ್ನ ಎದುರು ಹಾಕ್ಕೊಳಕಾಗಲ್ಲ ಮೇಡಂ. ನೀವ್ಯಾಕೆ ಇಲ್ದಿರೋ ಉಸಾಬರಿ?"

ನಾಲ್ಕು ವರ್ಷ ಅದೇ ಕೋಣೆಯ ಮೂಲೆಯಲ್ಲಿ ಊಟದ ಡಬ್ಬಿ ಬಿಚ್ಚಿದ್ದಳು. ಬಲ್ಲೆ ಎನ್ನುವವರು ಒಬ್ಬರೂ ಇರಲಿಲ್ಲ.

ಕೋರ್ಟಿನ ಜಗಲಿಯಲ್ಲಿ ಕೆಂಚಮ್ಮ ಕಾಯುತ್ತಿದ್ದಳು. "ಏನಂದ್ರವ್ವ?"

"ನನ್ನ ಗೊತ್ತು ಅಂತ ಯಾರಾದ್ರೂ ಬರೀಬೇಕಮ್ಮ. ಯಾರೂ ಬರೀತಿಲ್ಲ."

"ಅಷ್ಟೇಯಾ? ನಂಗೊತ್ತಿಲ್ವಾ ನೀನು?" ಕೆಂಚಮ್ಮ ನಯನಾಳ ಚೀಲದಿಂದ ಪ್ಯಾಡು ತೆಗೆದು, ತಾನೇ ಹೆಬ್ಬೆರಳು ಅದ್ದಿ, ಹಾಳೆಯ ಕೊನೆಯಲ್ಲಿ ಗಟ್ಟಿಯಾಗಿ ಒತ್ತಿದಳು. ಅದು ಕಾನೂನಿಗೆ ಸಲ್ಲದು ಎಂದು ಗೊತ್ತಿದ್ದೂ ನಯನಾ ಹಾಳೆಯನ್ನು ಅರ್ಜಿಯ ಜೊತೆ ಕೌಂಟರಿಗೆ ಒಯ್ದಳು.

ಕೌಂಟರಿನವನು ಹಾಳೆ ನೋಡಿ ನಕ್ಕ. ಆದರೂ ಇವತ್ತಿನ ತಾರೀಖಿನ ಮುದ್ರೆ ಒತ್ತಿದ. "ಅರ್ಜಿ ಇವತ್ತಿಗೇ ಸೇರ್ತು, ಆದ್ರೆ ಈ ಹೆಬ್ಬೆಟ್ಟು ನಡ್ಯಲ್ಲ ಮೇಡಂ. ಒಂದ್ ವಾರದೊಳ್ಗೆ ಯಾರಾದ್ರೂ ವಕೀಲರ ರುಜು ಹಾಕ್ಸಿ."

ನಯನಾ ಬಂದು ಕೆಂಚಮ್ಮನ ಪಕ್ಕ ಕೂತಳು. ಕಲ್ಯದ ಬಸ್ಸಿಗೆ ಇನ್ನೂ ಹೊತ್ತಿತ್ತು. ಕೆಂಚಮ್ಮ ನೀಲಿಯಾದ ಹೆಬ್ಬೆರಳನ್ನು ಸೆರಗಿಗೆ ಒರೆಸದೆ, ಒಣಗಲೆಂದು ಬಿಸಿಲಿಗೆ ಹಿಡಿದು ಕೂತಿದ್ದಳು.